ಕಾಫಿ ಕುಡಿದರೆ ನಿದ್ದೆ ಬರುತ್ತದೆಯೇ? ಹಾಗೆಂದು ಅದು ಎಡಿಡಿ ಅಲ್ಲ

"ಎಷ್ಟು ಸ್ಟ್ರಾಂಗ್ ಕಾಫಿ ಕುಡಿದ್ರೂ ನಂಗೆ ಕಣ್ಣೆಳೆಯುತ್ತೆ ಕಣೋ, ಎಡಿಡಿ ಇರ್ಬೇಕು." ಕಾಲೇಜು ಹಾಸ್ಟೆಲುಗಳಲ್ಲಿ, ಜಿಮ್‌ಗಳಲ್ಲಿ ಈ ಮಾತು ಈಗ ಮಾಮೂಲಿ. ಕೆಫೀನ್ ಮಾತ್ರೆ, ಎನರ್ಜಿ ಡ್ರಿಂಕ್, ವ್ಯಾಯಾಮಕ್ಕೆ ಮುಂಚೆ ನೀರಿಗೆ ಕಲಸಿ ಕುಡಿಯುವ ಪ್ರೀ-ವರ್ಕೌಟ್ ಪುಡಿ, ಯಾವುದನ್ನು ತೆಗೆದುಕೊಂಡರೂ ಚುರುಕಾಗುವ ಬದಲು ಆಕಳಿಕೆ ಶುರುವಾಗುವವರು ನಿಜಕ್ಕೂ ಇದ್ದಾರೆ. ಅವರಲ್ಲಿ ಎಡಿಡಿ, ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆ, ಇರುವವರೂ ಇದ್ದಾರೆ. (ವೈದ್ಯರ ಪುಸ್ತಕದಲ್ಲಿ 1987ರಿಂದ ಇದರ ಹೆಸರು ಎಡಿಎಚ್‌ಡಿ. ಓಡಾಟ, ಚಡಪಡಿಕೆ ಇಲ್ಲದೆ ಗಮನ ಮಾತ್ರ ನಿಲ್ಲದವರನ್ನು ಜನ ಇಂದಿಗೂ ಎಡಿಡಿ ಎಂದೇ ಕರೆಯುತ್ತಾರೆ.) ನಿದ್ದೆ ಬರುವುದು ಸುಳ್ಳಲ್ಲ. ಅದಕ್ಕೆ ಜನ ಹೇಳುವ ಕಾರಣ ಮಾತ್ರ ಸರಿಯಿಲ್ಲ, ಆ ಕಾರಣವನ್ನು ನಂಬಿದವರು ನಿದ್ದೆಯ ನಿಜವಾದ ಮೂಲವನ್ನು ಹುಡುಕುವುದೇ ಇಲ್ಲ.

ನಂಬಿಕೆ: ಎಡಿಡಿ ಇರುವವರ ಮಿದುಳು ಉಲ್ಟಾ. ಬೇರೆಯವರನ್ನು ಎಬ್ಬಿಸುವುದು ಇವರನ್ನು ಮಲಗಿಸುತ್ತದೆ.

ಈ ನಂಬಿಕೆಗೆ ಎಂಬತ್ತು ವರ್ಷ ದಾಟಿದ ಇತಿಹಾಸವಿದೆ. ಅಮೆರಿಕದ ರೋಡ್ ಐಲೆಂಡ್‌ನ ಮಕ್ಕಳ ಆಸ್ಪತ್ರೆಯೊಂದರಲ್ಲಿ ಡಾ. ಚಾರ್ಲ್ಸ್ ಬ್ರಾಡ್ಲಿ ವರ್ತನೆಯ ತೊಂದರೆಯಿದ್ದ 30 ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕ ಮಾತ್ರೆ ಕೊಟ್ಟು, ಕಂಡದ್ದನ್ನು 1937ರಲ್ಲಿ ಪ್ರಕಟಿಸಿದರು. ಸುಮಾರು ಅರ್ಧದಷ್ಟು ಮಕ್ಕಳು ಪಾಠದಲ್ಲಿ ಬೆರಗಾಗುವಷ್ಟು ಮುಂದೆ ಬಂದರು. ಗಲಾಟೆಯ ಮಕ್ಕಳು ಹಲವರು ತಣ್ಣಗಾದರು. ಉತ್ತೇಜಕ ಕೊಟ್ಟರೆ ಮಗು ಶಾಂತವಾಗುವುದೆಂದರೇನು ಎಂಬ ಅಚ್ಚರಿ ಆಗ ಹುಟ್ಟಿದ್ದು, ಮುಂದೆ ದಶಕಗಳ ಕಾಲ "ವಿಚಿತ್ರ ಮಿದುಳು" ಎಂಬ ಕಥೆಯಾಗಿ ಬೆಳೆಯಿತು.

ಈ ಕಥೆಯಲ್ಲಿ ಒಂದು ಪ್ರಶ್ನೆ ಬಾಕಿಯಿತ್ತು: ಯಾವ ತೊಂದರೆಯೂ ಇಲ್ಲದ ಮಕ್ಕಳಿಗೆ ಅಂಥದೇ ಔಷಧಿ ಕೊಟ್ಟರೆ? ಅದನ್ನು ಪರೀಕ್ಷಿಸಿದವರು ಡಾ. ಜುಡಿತ್ ರಾಪೊಪೋರ್ಟ್. 1978ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅವರ ತಂಡದ ಅಧ್ಯಯನದಲ್ಲಿ, ಸಾಮಾನ್ಯ ಹುಡುಗರೂ ಡೆಕ್ಸ್‌ಟ್ರೋ ಆಂಫೆಟಮಿನ್ ಎಂಬ ಉತ್ತೇಜಕದ ಒಂದು ಡೋಸ್ ತೆಗೆದುಕೊಂಡಾಗ ಓಡಾಟ ಕಡಿಮೆ ಮಾಡಿ ಹೆಚ್ಚು ಗಮನ ಕೊಟ್ಟರು. ಅಂದರೆ ತಣ್ಣಗಾಗುವುದು ಎಡಿಡಿ ಮಿದುಳಿನ ಗುರುತಲ್ಲ. ಮಿದುಳಿನ ಮುಂಭಾಗದಲ್ಲಿ ಡೋಪಮಿನ್, ನಾರ್ ಅಡ್ರಿನಲಿನ್ ಎಂಬ ರಾಸಾಯನಿಕಗಳು ಸ್ವಲ್ಪ ಹೆಚ್ಚಾದಾಗ ಗಮನ ಒಂದೆಡೆ ನಿಲ್ಲುವುದು ಮನುಷ್ಯರೆಲ್ಲರ ಮಿದುಳಿಗೂ ಸಹಜ.

ತಣ್ಣಗಾಗುವುದು ಬೇರೆ, ನಿದ್ದೆ ಬರುವುದು ಬೇರೆ. ಎರಡೂ ಸೇರುವ ಜಾಗ ಒಂದಿದೆ. ಎಡಿಡಿ ಇರುವ ವಯಸ್ಕರಲ್ಲಿ ಹಲವರ ದೇಹದ ಗಡಿಯಾರವೇ ತಡ. ನಿದ್ದೆಯ ಸಮಯವನ್ನು ಸಾರುವ ಮೆಲಟೋನಿನ್ ಅವರಲ್ಲಿ ತಡವಾಗಿ ಏರುತ್ತದೆ. ರಾತ್ರಿ ಒಂದಾದರೂ ನಿದ್ದೆ ಹತ್ತದು, ಬೆಳಿಗ್ಗೆ ಆಫೀಸಿನ ಬಸ್ಸು ಮಾತ್ರ ಕಾಯುವುದಿಲ್ಲ. ಹೀಗೆ ದಿನದಿನಕ್ಕೂ ಬೆಳೆಯುವ ನಿದ್ದೆಯ ಸಾಲವನ್ನು ಹಗಲಿನ ಚಡಪಡಿಕೆ, ಒಂದು ವಿಚಾರದಿಂದ ಇನ್ನೊಂದಕ್ಕೆ ಹಾರುವ ಮನಸ್ಸು ಮುಚ್ಚಿಟ್ಟಿರುತ್ತದೆ. ಉತ್ತೇಜಕದಿಂದ ಆ ಗದ್ದಲ ಇಳಿದಾಗ ಕೆಳಗಿದ್ದ ದಣಿವು ಮೇಲೆ ಬರುವುದು ಸಾಧ್ಯ. ನನಗೆ ಇದು "ಉಲ್ಟಾ ಮಿದುಳಿ"ಗಿಂತ ಎಷ್ಟೋ ಒಪ್ಪುವಂಥ ವಿವರಣೆ. ಆ ಉತ್ತೇಜಕ ನಿದ್ದೆಯನ್ನು ಹೊಸದಾಗಿ ಹುಟ್ಟಿಸಬೇಕಿಲ್ಲ, ಬಾಕಿಯಿದ್ದ ನಿದ್ದೆ ಅಲ್ಲೇ ಇರುತ್ತದೆ.

ನಂಬಿಕೆ: ಕುಡಿದ ತಕ್ಷಣ ತೂಕಡಿಕೆ ಬಂತೆಂದರೆ ಅದು ಕೆಫೀನ್‌ನದೇ ಪರಿಣಾಮ.

ಕೆಫೀನ್ ರಕ್ತದಲ್ಲಿ ಗರಿಷ್ಠ ಮಟ್ಟ ತಲುಪಲು ಸಾಮಾನ್ಯವಾಗಿ ಅರ್ಧದಿಂದ ಒಂದು ಗಂಟೆ ಬೇಕು. ಲೋಟ ಕೆಳಗಿಟ್ಟು ಐದು ನಿಮಿಷಕ್ಕೇ ಬರುವ ತೂಕಡಿಕೆಯನ್ನು ಅದರ ತಲೆಗೆ ಕಟ್ಟಲಾಗದು. ಮಧ್ಯಾಹ್ನದ ಊಟ, ದೇಹದ ಲಯದಲ್ಲೇ ಇರುವ ಆ ಹೊತ್ತಿನ ಮಂಪರು, ಸಕ್ಕರೆ ಹಾಕಿದ ಬಿಸಿ ಹಾಲು, ಕೊನೆಗೊಮ್ಮೆ ಕೂತು ಉಸಿರುಬಿಟ್ಟ ನೆಮ್ಮದಿ, ಇವೆಲ್ಲ ಅಲ್ಲಿವೆ.

ಮೂರ್ನಾಲ್ಕು ಗಂಟೆಯ ನಂತರ ಬರುವ ನಿದ್ದೆಯ ಕಥೆ ಬೇರೆ. ನಾವು ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಕೂಡುತ್ತಾ ಹೋಗುತ್ತದೆ, ನಿದ್ದೆಯ ಒತ್ತಡ ತರುವುದು ಅದೇ. ಕೆಫೀನ್ ಅದನ್ನು ಇಲ್ಲವಾಗಿಸುವುದಿಲ್ಲ. ಅಡೆನೋಸಿನ್ ಕೂರಬೇಕಾದ ಕುರ್ಚಿಯಲ್ಲಿ ತಾನು ಕೂರುತ್ತದೆ, ಅಷ್ಟೇ. ಕೆಫೀನ್ ಎದ್ದು ಹೋದಂತೆ ಅಷ್ಟು ಹೊತ್ತೂ ಕೂಡಿಕೊಂಡಿದ್ದ ಅಡೆನೋಸಿನ್ ಒಟ್ಟಿಗೇ ಬಂದು ಕೂರುತ್ತದೆ. ಕುಡಿದ ಕೆಫೀನ್‌ನಲ್ಲಿ ಅರ್ಧ ದೇಹದಿಂದ ಹೋಗಲು ಸರಾಸರಿ 5 ಗಂಟೆ ಬೇಕು, ಯಕೃತ್ತಿನ ಕಿಣ್ವಗಳನ್ನು ಅವಲಂಬಿಸಿ ಇದು ಒಬ್ಬೊಬ್ಬರಿಗೆ ಒಂದೊಂದು ಥರ. ಸಂಜೆಯ ಡೋಸ್ ರಾತ್ರಿಯ ನಿದ್ದೆಯನ್ನು ಕೆಡಿಸಿ, ಮರುದಿನದ ಮಂಪರಿಗೆ ತಾನೇ ಕಾರಣವಾಗುತ್ತದೆ. ಆ ಮಂಪರು ಕಳೆಯಲು ಮತ್ತೊಂದು ಲೋಟ.

ಇನ್ನು ಪ್ರೀ-ವರ್ಕೌಟ್ ಪುಡಿಯ ಡಬ್ಬಿಯನ್ನೇ ತಿರುಗಿಸಿ ನೋಡಿ. ಮುಂದೆ ಮಿಂಚಿನ ಚಿತ್ರ, ಹಿಂದೆ ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿ ಕೆಫೀನ್, ಬೀಟಾ ಅಲನೈನ್, ಟಾರಿನ್. ಕೆಲವು ಪುಡಿಗಳಲ್ಲಿ ಅವುಗಳ ಪಕ್ಕದಲ್ಲೇ ಎಲ್-ಥಿಯನೈನ್, ಅಶ್ವಗಂಧ ಕೂಡ ಇರುತ್ತವೆ. ಈ ಕೊನೆಯ ಎರಡನ್ನು ಜನ ಕೊಳ್ಳುವುದೇ ಮನಸ್ಸು ಹಗುರಾಗಲಿ, ನಿದ್ದೆ ಬರಲಿ ಎಂದು. ಹಲವು ಡಬ್ಬಿಗಳಲ್ಲಿ ಎಲ್ಲವನ್ನೂ ಒಂದೇ "ಬ್ಲೆಂಡ್" ಎಂದು ಸೇರಿಸಿ, ಯಾವುದು ಎಷ್ಟಿದೆ ಎಂಬುದನ್ನು ಹೇಳದೆ ಬಿಟ್ಟಿರುತ್ತಾರೆ. ಇಂಥ ಪುಡಿ ಕುಡಿದು ಬಂದ ನಿದ್ದೆಯಿಂದ ತನ್ನ ಮಿದುಳಿನ ಬಗ್ಗೆ ತೀರ್ಮಾನಕ್ಕೆ ಬರುವುದು ತನಗೆ ತಾನೇ ಮಾಡಿಕೊಳ್ಳುವ ಅನ್ಯಾಯ.

ನಂಬಿಕೆ: ಕಾಫಿಯೇ ಪರೀಕ್ಷೆ, ಕಾಫಿಯೇ ಔಷಧಿ.

ಎರಡೂ ಅಲ್ಲ. ಎಡಿಎಚ್‌ಡಿ ಎಂದು ಹೇಳಬೇಕಾದರೆ ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ಶುರುವಾಗಿರಬೇಕು, ಮನೆ, ಶಾಲೆ, ಕೆಲಸ ಹೀಗೆ ಎರಡಾದರೂ ಕಡೆ ಕಾಣಿಸಿರಬೇಕು, ಬದುಕಿಗೆ ಅಡ್ಡಿಯಾಗಿರಬೇಕು. ಕಾಫಿಯನ್ನೇ ಚಿಕಿತ್ಸೆಯಾಗಿ ಬಳಸಬಹುದೇ ಎಂದು 1970ರ ದಶಕದಲ್ಲಿ ಮಕ್ಕಳ ಮೇಲೆ ಪರೀಕ್ಷಿಸಿದ್ದರು. ಮೊದಲ ಭರವಸೆ ನಂತರದ ಪ್ರಯೋಗಗಳಲ್ಲಿ ನಿಲ್ಲಲಿಲ್ಲ. ಎಡಿಎಚ್‌ಡಿಗೆ ವೈದ್ಯರು ಕೊಡುವ ಮೀಥೈಲ್‌ಫೆನಿಡೇಟ್ ಔಷಧಿ ತೆಗೆದುಕೊಳ್ಳುವವರು ಅದನ್ನು ಬಿಟ್ಟು ಕೆಫೀನ್ ಪುಡಿಗೆ ಹೋಗುವುದೂ, ಎರಡನ್ನೂ ಬೆರೆಸಿ ಎದೆಬಡಿತ, ರಕ್ತದೊತ್ತಡ ಏರಿಸಿಕೊಳ್ಳುವುದೂ ಅಪಾಯ. ಔಷಧಿ ತೆಗೆದುಕೊಂಡ ಮೇಲೆ ಮಂಕು ಕವಿಯುತ್ತಿದ್ದರೆ ಡೋಸ್ ಹೆಚ್ಚಾಗಿರಬಹುದು, ಸಮಯ ಸರಿಹೊಂದದಿರಬಹುದು. ಅದನ್ನು ವೈದ್ಯರಿಗೇ ಹೇಳಬೇಕು.

ಎಡಿಡಿ ಎಂಬ ಹಣೆಪಟ್ಟಿ ಹಚ್ಚಿಕೊಳ್ಳುವ ಆತುರದಲ್ಲಿ ತಪ್ಪಿಹೋಗುವ ಕಾರಣಗಳು ನನ್ನನ್ನು ಹೆಚ್ಚು ಕಾಡುತ್ತವೆ. ಗೊರಕೆಯೊಂದಿಗೆ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ. ಥೈರಾಯ್ಡ್ ತೊಂದರೆ. ಎಲ್ಲಕ್ಕಿಂತ ರಕ್ತಹೀನತೆ: ಕರ್ನಾಟಕದ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ಅದಿದೆ. ಕಾಫಿಗೂ ಅದಕ್ಕೂ ನಂಟಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ದಾಟಬೇಡಿ ಎನ್ನುತ್ತದೆ. 150 ಮಿಲಿಲೀಟರ್ ಡಿಕಾಕ್ಷನ್ ಕಾಫಿಯಲ್ಲೇ 80ರಿಂದ 120 ಮಿಲಿಗ್ರಾಂ ಇರುತ್ತದೆ. ಊಟದ ಹಿಂದೆ ಮುಂದೆ ಒಂದು ಗಂಟೆ ಕಾಫಿ, ಟೀ ಬೇಡ ಎಂದೂ ಅದು ಹೇಳುತ್ತದೆ, ಏಕೆಂದರೆ ಅವುಗಳಲ್ಲಿರುವ ಟ್ಯಾನಿನ್ ಆಹಾರದ ಕಬ್ಬಿಣ ದೇಹಕ್ಕೆ ಸೇರದಂತೆ ತಡೆಯುತ್ತದೆ. ಸುಸ್ತೆಂದು ಊಟವಾದ ಕೂಡಲೇ ಕಾಫಿ ಕುಡಿಯುವ ಹೆಣ್ಣುಮಗಳು ಆ ಸುಸ್ತನ್ನೇ ಹೆಚ್ಚಿಸಿಕೊಳ್ಳುತ್ತಿರಬಹುದು. ಆಕೆಗೆ ಮೊದಲು ಬೇಕಾದದ್ದು ಹಿಮೋಗ್ಲೋಬಿನ್ ಪರೀಕ್ಷೆ, ಜೊತೆಗೆ ಎಷ್ಟು ಹೊತ್ತಿಗೆ ಮಲಗಿದೆ, ಎಷ್ಟು ಹೊತ್ತಿಗೆ ಎದ್ದೆ, ಏನನ್ನು ಯಾವಾಗ ಕುಡಿದೆ ಎಂದು ಒಂದೆರಡು ವಾರ ಬರೆದಿಟ್ಟು ವೈದ್ಯರಿಗೆ ತೋರಿಸುವ ಪುಟ್ಟ ಪುಸ್ತಕ.