ದರಪಟ್ಟಿಯಲ್ಲಿ 11,520, ಕೈಯಿಂದ ಹೋಗುವುದು 23,642

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆ ಗಾಡಿ ಬಾಡಿಗೆ ಹಿಡಿಯುವುದೆಂದರೆ ಡ್ರೈವರ್ ಸಮೇತ ಹಿಡಿಯುವುದು. ಪಂಢರಪುರವಿರಲಿ, ತುಳಜಾಪುರವಿರಲಿ, ಶ್ರೀಶೈಲವಿರಲಿ, ಬೀಗರ ಮನೆಯ ಮದುವೆಯಿರಲಿ, ಮಾತು ಮುಗಿಯುವುದು ಮೂರೇ ಅಂಕಿಗಳಲ್ಲಿ: ಕಿಲೋಮೀಟರಿಗೆ ಎಷ್ಟು, ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರು, ಡ್ರೈವರ್ ಬಾಟಾ ಎಷ್ಟು. ಡೀಸೆಲ್, ವಿಮೆ, ಪಂಕ್ಚರು, ಗಾಡಿಗೆ ಬಿದ್ದ ಗೀರು ಎಲ್ಲವೂ ಮಾಲೀಕನ ಜವಾಬ್ದಾರಿ. ಟೋಲ್ ಮತ್ತು ಪಾರ್ಕಿಂಗ್ ಮಾತ್ರ ನಮ್ಮದು.

ಈಗ ಇದೇ ಊರುಗಳ ಮಕ್ಕಳು ದುಬೈ, ಜರ್ಮನಿ, ಅಮೆರಿಕದಲ್ಲಿ ಕೆಲಸದಲ್ಲಿದ್ದಾರೆ. ಅವರನ್ನು ನೋಡಲು ಅಣ್ಣ-ತಮ್ಮಂದಿರು, ತಂದೆ-ತಾಯಿ ಹೋಗುತ್ತಾರೆ. ಅಲ್ಲಿ ಗಾಡಿ ಬಾಡಿಗೆಗೆ ಪಡೆದು ತಾವೇ ಓಡಿಸುವ ಧೈರ್ಯವೂ ಬಂದಿದೆ. ಧೈರ್ಯ ಒಳ್ಳೆಯದೇ. ಆದರೆ ಮೊಬೈಲಿನಲ್ಲಿ ಕಂಡ ದಿನದ ಬಾಡಿಗೆಯನ್ನು ದಿನಗಳಿಂದ ಗುಣಿಸಿ, ಬಂದ ಮೊತ್ತವನ್ನೇ ಒಟ್ಟು ಖರ್ಚು ಎಂದುಕೊಂಡು ಹೊರಟರೆ ಲೆಕ್ಕ ಅರ್ಧಕ್ಕರ್ಧ ತಪ್ಪುತ್ತದೆ. ಡ್ರೈವರ್ ಇಲ್ಲದ ಗಾಡಿಯಲ್ಲಿ ಮಾಲೀಕನ ಹೊಣೆಯ ಬಹುಪಾಲು ಸ್ಟಿಯರಿಂಗ್ ಹಿಡಿದವನ ಮೇಲೆ ಬರುತ್ತದೆ. ಆ ಹೊಣೆಗೂ ಬೆಲೆಯಿದೆ.

ನಮ್ಮಲ್ಲಿ ಈ ರೂಢಿ ಬೆಳೆಯದಿರುವುದಕ್ಕೆ ಕಾನೂನಿನ ಕಾರಣವೂ ಇದೆ. ಡ್ರೈವರ್ ಇಲ್ಲದೆ ಕಾರು ಬಾಡಿಗೆಗೆ ಕೊಡಲು ಕೇಂದ್ರ ಸರ್ಕಾರ 1989ರಲ್ಲಿ ‘ರೆಂಟ್ ಎ ಕ್ಯಾಬ್’ ಯೋಜನೆ ತಂದಾಗ, ಪರವಾನಗಿ ಬೇಕೆನ್ನುವವನ ಬಳಿ ಕನಿಷ್ಠ 50 ಕಾರು ಇರಬೇಕೆಂದು ವಿಧಿಸಿತು. ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರುವ ಗಾಡಿಗಳು ಇವೇ. 50 ಕಾರು ಇಟ್ಟುಕೊಳ್ಳುವ ಬಂಡವಾಳ ಬೆಂಗಳೂರಿನಲ್ಲಿ ಸಿಕ್ಕೀತು. ತಾಲ್ಲೂಕು ಕೇಂದ್ರದಲ್ಲಿ ಎರಡು ಗಾಡಿ ಇಟ್ಟು ಬದುಕುವವನಿಗೆ ಎಟಕುವ ಮಾತಲ್ಲ.

ಮೊದಲು ಊರಿನ ಲೆಕ್ಕ. ಕಿಲೋಮೀಟರಿಗೆ 13 ರೂ., ದಿನಕ್ಕೆ ಕನಿಷ್ಠ 300 ಕಿ.ಮೀ., ಬಾಟಾ 400 ರೂ. ಎಂದು ಹಿಡಿಯೋಣ. ನಾಲ್ಕು ದಿನಕ್ಕೆ 1,200 ಕಿ.ಮೀ., ಅಂದರೆ 15,600 ರೂ.; ಬಾಟಾ 1,600; ಒಟ್ಟು 17,200. ವಿಜಯಪುರದಿಂದ ಹೊರಟು ಈ ನಾಲ್ಕೂ ತಾಲ್ಲೂಕು ಕೇಂದ್ರಗಳನ್ನು ಸುತ್ತಿ ಬಂದರೂ ಒಂದು ದಿನದ 300 ಕಿ.ಮೀ. ಮುಗಿಯುವುದು ಕಷ್ಟ. ಓಡಿದ್ದು 600 ಕಿ.ಮೀ. ಮಾತ್ರ ಎಂದಾದರೂ ಕೊಡಬೇಕಾದದ್ದು 17,200 ರೂಪಾಯಿಯೇ.

ಇನ್ನು ದುಬೈ. ದಿರ್ಹಮ್‌ನ ಬೆಲೆಯನ್ನು 1997ರಿಂದ ಡಾಲರಿಗೆ 3.6725ರಂತೆ ಕಟ್ಟಿಹಾಕಿದ್ದಾರೆ. ಹಾಗಾಗಿ ಡಾಲರ್ ಏರಿದಂತೆ ನಮಗೆ ದಿರ್ಹಮ್ ಕೂಡ ದುಬಾರಿ. ಲೆಕ್ಕಕ್ಕೆ ಒಂದು ದಿರ್ಹಮ್‌ಗೆ 24 ರೂ. ಹಿಡಿದಿದ್ದೇನೆ. ಸಣ್ಣ ಕಾರು ದಿನಕ್ಕೆ 120 ದಿರ್ಹಮ್ ಎಂದರೆ ನಾಲ್ಕು ದಿನಕ್ಕೆ 480, ಅಂದರೆ 11,520 ರೂ. ದರಪಟ್ಟಿಯಲ್ಲಿ ಕಾಣುವುದು ಇಷ್ಟೇ.

ಕೌಂಟರಿನಲ್ಲಿ ನಿಂತಾಗ ಉಳಿದದ್ದು ಶುರುವಾಗುತ್ತದೆ. ಪೂರ್ಣ ವಿಮೆಗೆ ದಿನಕ್ಕೆ 40ರಂತೆ 160 ದಿರ್ಹಮ್. ಎರಡೂ ಸೇರಿ 640ಕ್ಕೆ ಶೇ 5ರ ವ್ಯಾಟ್ 32. ಅಲ್ಲಿಗೆ 672. ಅಬುಧಾಬಿಗೆ ಒಮ್ಮೆ ಹೋಗಿಬಂದು ಊರೊಳಗೂ ತಿರುಗಾಡಿದರೆ 600 ಕಿ.ಮೀ. ಎನ್ನೋಣ, ಲೀಟರಿಗೆ 15 ಕಿ.ಮೀ. ಕೊಟ್ಟರೆ 40 ಲೀಟರ್ ಪೆಟ್ರೋಲು, ಲೀಟರಿಗೆ 2.60ರಂತೆ 104 ದಿರ್ಹಮ್. ಸಾಲಿಕ್ ಎಂಬ ಟೋಲ್ ಗೇಟಿನಲ್ಲಿ ನಿಲ್ಲುವಂತಿಲ್ಲ, ದುಡ್ಡು ತಾನೇ ಕಡಿತವಾಗುತ್ತದೆ. 2025ರ ಜನವರಿ 31ರಿಂದ ಅದರ ದರ ಹೊತ್ತಿಗೆ ತಕ್ಕಂತೆ ಬದಲಾಗುತ್ತದೆ: ಬೆಳಿಗ್ಗೆ 6ರಿಂದ 10 ಮತ್ತು ಸಂಜೆ 4ರಿಂದ 8ರ ದಟ್ಟಣೆಯಲ್ಲಿ 6 ದಿರ್ಹಮ್, ಉಳಿದ ಹೊತ್ತು 4, ರಾತ್ರಿ 1ರಿಂದ 6ರವರೆಗೆ ಉಚಿತ. ದಟ್ಟಣೆಯಲ್ಲಿ ಐದು ಸಲ, ಉಳಿದ ಹೊತ್ತಿನಲ್ಲಿ ಐದು ಸಲ ದಾಟಿದರೆ 50. ಪಾರ್ಕಿಂಗ್‌ಗೆ ದಿನಕ್ಕೆ 20ರಂತೆ 80. ಒಟ್ಟು 906 ದಿರ್ಹಮ್, ಅಂದರೆ 21,744 ರೂ.

ಇದರ ಮೇಲೆ ಬ್ಯಾಂಕಿನ ಪಾಲು. ವಿದೇಶಿ ಕರೆನ್ಸಿ ವಹಿವಾಟಿಗೆ ಬಹಳಷ್ಟು ಕ್ರೆಡಿಟ್ ಕಾರ್ಡುಗಳು ಶೇ 3.5 ಸೇರಿಸುತ್ತವೆ, ಅದಕ್ಕೆ ಶೇ 18 ಜಿಎಸ್‌ಟಿ; ಹತ್ತಿರಹತ್ತಿರ 898 ರೂ. ಐಡಿಪಿ ಎನ್ನುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಗೆ 1,000 ರೂ. ಎಲ್ಲ ಕೂಡಿಸಿದರೆ 23,642. ದರಪಟ್ಟಿಯ ಮೊತ್ತದ ಎರಡು ಪಟ್ಟಿಗೂ ಸ್ವಲ್ಪ ಹೆಚ್ಚು. ನಾಲ್ವರು ಹಂಚಿಕೊಂಡರೆ ತಲೆಗೆ 5,911 ರೂ.; ಕಿಲೋಮೀಟರಿಗೆ 39 ರೂ. 40 ಪೈಸೆ. ಆದರೂ ಊರಿನ ನಾಲ್ಕು ದಿನದ ಬಾಡಿಗೆಗೂ ಇದಕ್ಕೂ ವ್ಯತ್ಯಾಸ 6,442 ರೂ. ಮಾತ್ರ. ವಿದೇಶದಲ್ಲಿ ಗಾಡಿ ಓಡಿಸುವುದು ಶ್ರೀಮಂತರಿಗಷ್ಟೇ ಎನ್ನುವವರು ಈ ಅಂಕಿಯನ್ನು ನೋಡಬೇಕು.

ಖರ್ಚಿಗಿಂತ ಹೆಚ್ಚು ಕಾಡುವುದು ಠೇವಣಿ. 1,500 ದಿರ್ಹಮ್ ಕೇಳಿದರೆ ಕಾರ್ಡಿನಲ್ಲಿ 36,000 ರೂ. ತಡೆಹಿಡಿದಂತೆ. ಗಾಡಿ ಮರಳಿಸಿದ ದಿನವೇ ಅದು ಬಿಡುಗಡೆಯಾಗುವುದಿಲ್ಲ. ದಂಡ ಏನಾದರೂ ಬಂದೀತೆಂದು ವಾರಗಟ್ಟಲೆ ಇಟ್ಟುಕೊಳ್ಳುವುದುಂಟು. ಹಾಗಾಗಿ 23,642 ಖರ್ಚು ಮಾಡಲು ಕಾರ್ಡಿನಲ್ಲಿ ಸುಮಾರು 60,000 ರೂ. ಮಿತಿ ಖಾಲಿ ಇರಬೇಕು. ಕಾರ್ಡು ಗಾಡಿ ಓಡಿಸುವವನ ಹೆಸರಿನಲ್ಲೇ ಇರಬೇಕೆಂದು ಹೆಚ್ಚಿನ ಕಡೆ ಕೇಳುತ್ತಾರೆ. ತಮ್ಮನ ಕಾರ್ಡು, ಅಣ್ಣನ ಲೈಸೆನ್ಸು ಎಂದರೆ ಕೌಂಟರಿನಲ್ಲೇ ನಿಲ್ಲಬೇಕಾಗುತ್ತದೆ.

ದಂಡದ ಪಟ್ಟಿ ಓದಿದರೆ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತದೆ. ಅಲ್ಲಿ ಕೆಂಪು ದೀಪ ದಾಟಿದರೆ 1,000 ದಿರ್ಹಮ್. 24,000 ರೂ. ಅಂದರೆ ನಾಲ್ಕು ದಿನದ ಇಡೀ ಖರ್ಚಿಗಿಂತ ಹೆಚ್ಚು. ಜೊತೆಗೆ ಗಾಡಿ 30 ದಿನ ಜಪ್ತಿ. ಮೊಬೈಲ್ ಹಿಡಿದು ಓಡಿಸಿದರೆ 800, ಸೀಟ್ ಬೆಲ್ಟ್ ಇಲ್ಲದಿದ್ದರೆ 400. ನಮ್ಮ ಕಾಯ್ದೆಯಲ್ಲಿ ಬೆಲ್ಟಿಗೆ 1,000 ರೂ.; ಅಲ್ಲಿ 9,600. ದುಬೈಯಲ್ಲಿ ವೇಗಮಿತಿಗಿಂತ 20 ಕಿ.ಮೀ.ವರೆಗೆ ರಿಯಾಯಿತಿ ಉಂಟು. ಅಬುಧಾಬಿ ಅದನ್ನು 2018ರ ಆಗಸ್ಟಿನಲ್ಲಿ ತೆಗೆದುಹಾಕಿತು. ಎರಡೂ ಊರುಗಳ ನಡುವಿನ 140 ಕಿ.ಮೀ. ದಾರಿಯಲ್ಲಿ ಇದು ತಿಳಿಯದೆ ದಂಡ ಕಟ್ಟುವುದು ಸುಲಭ.

ಯುರೋಪಿನಲ್ಲಿ ಅಂಕಿಗಳ ಬಣ್ಣ ಬೇರೆ. ಅಲ್ಲಿ ನೋಡಬೇಕಾದದ್ದು ‘ಎಕ್ಸೆಸ್’ ಎಂಬ ಸಾಲು: ಅಪಘಾತವಾದರೆ ವಿಮೆ ಕೊಡುವ ಮುನ್ನ ನಾವು ತೆರಬೇಕಾದ ಮೊತ್ತ. 1,500 ಯೂರೊ ಎಂದು ಬರೆದಿದ್ದರೆ, ಯೂರೊಗೆ 100 ರೂ. ಹಿಡಿದರೂ ಒಂದೂವರೆ ಲಕ್ಷ. ಸಾಮಾನ್ಯ ವಿಮೆಯಲ್ಲಿ ಟೈರು, ಗಾಜು, ಗಾಡಿಯ ಅಡಿಭಾಗ ಸೇರಿರುವುದಿಲ್ಲ. ಅದನ್ನು ಕೇಳಿ ಬರೆಸಿಕೊಳ್ಳಬೇಕು. ಸ್ವಿಟ್ಜರ್ಲೆಂಡಿನ ಹೆದ್ದಾರಿಗೆ ವರ್ಷಕ್ಕೆ 40 ಫ್ರಾಂಕಿನ ಪರವಾನಗಿ ಬೇಕು. ಅಲ್ಲೇ ಪಡೆದ ಬಾಡಿಗೆ ಗಾಡಿಗೆ ಅದು ಇರುತ್ತದೆ, ಜರ್ಮನಿಯಿಂದ ಗಡಿ ದಾಟುವವರು ನೋಡಿಕೊಳ್ಳಬೇಕು. ಇಲ್ಲದೆ ಸಿಕ್ಕಿಬಿದ್ದರೆ 200 ಫ್ರಾಂಕ್ ದಂಡ. ಫ್ರಾಂಕು 100 ರೂ. ದಾಟಿರುವುದರಿಂದ 20,000ಕ್ಕೂ ಮೇಲೆ.

ಅಮೆರಿಕಕ್ಕೆ ಹೋದವರಿಗೆ ಅಳತೆಯೇ ಬೇರೆ. ಮೈಲಿ ಎಂದರೆ 1.609 ಕಿ.ಮೀ., ಗ್ಯಾಲನ್ 3.785 ಲೀಟರ್. ಗ್ಯಾಲನ್ನಿಗೆ 30 ಮೈಲಿ ಎಂದರೆ ಲೀಟರಿಗೆ 12.75 ಕಿ.ಮೀ. ಅಷ್ಟೇ. 65 ಎಂಬ ವೇಗಫಲಕ ನಮ್ಮ ಲೆಕ್ಕದಲ್ಲಿ 105. 25 ವರ್ಷ ತುಂಬದವರಿಗೆ ದಿನವಹಿ ಹೆಚ್ಚುವರಿ ಶುಲ್ಕವೂ ಬೀಳುತ್ತದೆ.

ಇಷ್ಟೆಲ್ಲ ಖರ್ಚಿನಲ್ಲಿ ಅಗ್ಗದವುಗಳಲ್ಲೊಂದು, ಆದರೆ ಬಿಟ್ಟರೆ ಅತಿ ದುಬಾರಿಯಾಗುವುದು ಆ 1,000 ರೂಪಾಯಿಯ ಐಡಿಪಿ. ಕೆಎ-28 ಗಾಡಿಗಳ ನಮ್ಮ ಜಿಲ್ಲೆಯವರಿಗೆ ವಿಜಯಪುರದ ಆರ್‌ಟಿಒ ಕಚೇರಿ ಇದೆ. ಬಾಗೇವಾಡಿಯಿಂದ ಸುಮಾರು 43 ಕಿ.ಮೀ., ಇಂಡಿಯಿಂದ 55, ಸಿಂದಗಿಯಿಂದ 60, ಮುದ್ದೇಬಿಹಾಳದಿಂದ 80. ಅರ್ಜಿಯ ನಮೂನೆ 4ಎ, ಸಾರಥಿ ಪೋರ್ಟಲ್‌ನಲ್ಲಿ ತುಂಬಬಹುದು. 2021ರ ಜನವರಿ 7ರ ಅಧಿಸೂಚನೆಯಲ್ಲಿ ವೈದ್ಯಕೀಯ ಪ್ರಮಾಣಪತ್ರ ಮತ್ತು ವೀಸಾದ ಷರತ್ತನ್ನು ಕೈಬಿಟ್ಟರು. 2022ರ ಆಗಸ್ಟ್ 26ರ ಅಧಿಸೂಚನೆ ದೇಶಕ್ಕೆಲ್ಲ ಒಂದೇ ನಮೂನೆ ತಂದು, ಮೂಲ ಲೈಸೆನ್ಸಿಗೆ ಕ್ಯೂಆರ್ ಕೋಡಿನಿಂದ ಜೋಡಿಸಿತು. ಇದರ ಆಯುಷ್ಯ ಒಂದು ವರ್ಷ, ಅಥವಾ ಲೈಸೆನ್ಸ್ ಮುಗಿಯುವ ದಿನ, ಯಾವುದು ಮೊದಲೋ ಅದು. 55 ದಾಟಿದ ಮೇಲೆ ಲೈಸೆನ್ಸ್ ನವೀಕರಣ ಐದೈದು ವರ್ಷಕ್ಕೆ. ಹಿರಿಯರು ಮೊದಲು ಆ ತಾರೀಖು ನೋಡಬೇಕು. ಲೈಸೆನ್ಸಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಪೂರ್ತಿ ಇರುವುದು ನಮ್ಮ ಕಡೆ ಸಾಮಾನ್ಯ. ಎರಡೂ ಹೊಂದದಿದ್ದರೆ ಹೊರಡುವ ತಿಂಗಳುಗಳ ಮೊದಲೇ ಸರಿಪಡಿಸಿಕೊಳ್ಳಿ.

ಚೀನಾ ಈ ಪರವಾನಗಿಯನ್ನು ಒಪ್ಪುವುದಿಲ್ಲ. ಜಪಾನ್ 1949ರ ಜಿನೀವಾ ಒಪ್ಪಂದದ ನಮೂನೆಯನ್ನು ಮಾತ್ರ ಒಪ್ಪುತ್ತದೆ, ನಮ್ಮದು ಅದೇ. ಮೇಲಾಗಿ ಜಪಾನಿನಲ್ಲಿ, ಬ್ರಿಟನ್ನಿನಲ್ಲಿ, ಥಾಯ್ಲೆಂಡಿನಲ್ಲಿ ನಮ್ಮಂತೆ ಎಡಬದಿಯ ಓಡಾಟ. ಕಬ್ಬಿನ ಹಂಗಾಮಿನಲ್ಲಿ ಇಂಡಿ ರಸ್ತೆಯ ಜೋಡಿ ಟ್ರೇಲರ್‌ಗಳ ನಡುವೆ ಗಾಡಿ ನಡೆಸಿದ ಕೈಗೆ ಅಲ್ಲಿನ ರಸ್ತೆ ಕಷ್ಟವಾಗದು. ಬಲಬದಿಯ ದುಬೈ, ಜರ್ಮನಿ, ಅಮೆರಿಕಕ್ಕಿಂತ ಮೊದಲ ಸಲ ಅಲ್ಲಿ ಓಡಿಸುವುದೇ ಲೇಸು ಎಂದು ನನ್ನ ಖಚಿತ ಅಭಿಪ್ರಾಯ.

ಖರ್ಚು ಇಳಿಸುವ ದಾರಿ ಒಂದೇ: ಊರೊಳಗಿನ ದಿನಗಳಿಗೆ ಗಾಡಿ ಬೇಡ. ದುಬೈಯಲ್ಲಿ 2009ರಿಂದ ಮೆಟ್ರೊ ಇದೆ. ನಾಲ್ಕು ದಿನದ ಬದಲು ಊರಾಚೆ ಹೋಗುವ ಎರಡು ದಿನಕ್ಕಷ್ಟೇ ಕಾರು ತೆಗೆದುಕೊಂಡರೆ ಬಾಡಿಗೆ, ವಿಮೆ, ವ್ಯಾಟ್ ಮೂರರಲ್ಲೇ 336 ದಿರ್ಹಮ್, ಅಂದರೆ 8,064 ರೂ. ಉಳಿಯುತ್ತದೆ. ಗಾಡಿ ಕೈಗೆ ಬಂದಾಗ ಮತ್ತು ಮರಳಿಸುವಾಗ ನಾಲ್ಕೂ ಬದಿ, ಪೆಟ್ರೋಲ್ ಮುಳ್ಳು, ಓಡಿದ ಕಿಲೋಮೀಟರು ಕಾಣುವಂತೆ ಫೋಟೊ ತೆಗೆದಿಡಿ. ಠೇವಣಿ ಪೂರ್ತಿ ವಾಪಸಾಗುವವರೆಗೆ ಆ ಫೋಟೊಗಳನ್ನೂ ರಸೀದಿಗಳನ್ನೂ ಅಳಿಸಬೇಡಿ.