ಹೂಗಿಡಗಳ ವಂಶಾವಳಿ

ಕೆರೆಯಲ್ಲಿ ತಾವರೆಯೂ ನೈದಿಲೆಯೂ ಒಂದೇ ನೀರಿನಲ್ಲಿ ಅರಳುವುದನ್ನು ಶ್ರೋತೃಗಳು ನೋಡಿಯೇ ಇರುವರು. ಅವೆರಡೂ ಒಡಹುಟ್ಟಿದವೆಂದು ಎಣಿಸುವುದು ಸಹಜ. ಸಸ್ಯಶಾಸ್ತ್ರಜ್ಞರೂ ಬಹುಕಾಲ ಹಾಗೆಯೇ ಎಣಿಸಿ ಅವನ್ನು ಒಂದೇ ಕುಟುಂಬಕ್ಕೆ ಸೇರಿಸಿದ್ದರು. ಜೀವಕೋಶದಲ್ಲಿ ಅಡಗಿರುವ ಆನುವಂಶಿಕ ದ್ರವ್ಯವನ್ನು ಹೋಲಿಸಿ ನೋಡಿದ ಮೇಲೆ ಈ ನಂಟು ಸುಳ್ಳೆಂದು ಸ್ಥಿರಪಟ್ಟಿತು. ನೈದಿಲೆಯು ವಂಶವೃಕ್ಷದ ಬುಡದಲ್ಲಿಯೇ ಒಡೆದ ಕವಲು. ತಾವರೆಗಾದರೋ ಕಾಶ್ಮೀರದ ಚಿನಾರ್ ಮರವು ಹತ್ತಿರದ ಬಂಧು! ರೂಪವನ್ನು ನಂಬಿ ಕುಲವನ್ನು ಹೇಳುವುದು ಎಷ್ಟು ಅಪಾಯವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಹಾಗಾದರೆ ಮೊದಲ ಹೂವು ಎಂದು ಅರಳಿತು? ಈ ಪ್ರಶ್ನೆಯು ಡಾರ್ವಿನ್ನನನ್ನು ಬಹಳವಾಗಿ ಕಾಡಿತು. ವಿಕಾಸವು ಮೆಲ್ಲಮೆಲ್ಲನೆ ನಡೆಯುವುದೆಂಬುದು ಆತನ ಸಿದ್ಧಾಂತ. ಶಿಲಾಸ್ತರಗಳಲ್ಲಾದರೋ ಹೂಗಿಡಗಳು ಪೂರ್ವಜರ ಗುರುತೇ ಇಲ್ಲದೆ ಥಟ್ಟನೆ ತುಂಬಿಕೊಂಡಿದ್ದುವು. 1879ರಲ್ಲಿ ಮಿತ್ರನಾದ ಹೂಕರನಿಗೆ ಬರೆದ ಕಾಗದದಲ್ಲಿ ಆತನು ಇದನ್ನು ಸಹಿಸಲಾಗದ ಒಗಟೆಂದೇ ಕರೆದನು.

ಒಗಟು ಈಗ ಕೊಂಚ ಸಡಿಲಿದೆ. ಸುಮಾರು 13 ಕೋಟಿ ವರ್ಷಗಳ ಹಿಂದಿನ ಪರಾಗಕಣಗಳು ಸಿಕ್ಕಿವೆ. ಚೀನಾದ ಲಿಯಾವೊನಿಂಗ್ ಪ್ರಾಂತದಿಂದ 1998ರಲ್ಲಿ ಬೆಳಕಿಗೆ ಬಂದ, ಸುಮಾರು 12.5 ಕೋಟಿ ವರ್ಷ ವಯಸ್ಸಿನ ನೀರುಗಿಡವೊಂದರಲ್ಲಿ ದಳಗಳೇ ಇಲ್ಲ. ಬೀಜಗಳು ಮಾತ್ರ ಕಾಯೊಳಗೆ ಮುಚ್ಚಿಕೊಂಡಿವೆ. ಹೂಗಿಡದ ಮುಖ್ಯ ಲಕ್ಷಣವು ಈ ಮುಚ್ಚಿಗೆಯೇ; ಬಣ್ಣದ ದಳಗಳು ಆಮೇಲಿನ ಮಾತು. ಇಂದು ಬದುಕಿರುವವುಗಳಲ್ಲಿ ಎಲ್ಲಕ್ಕಿಂತ ಮೊದಲು ಬೇರ್ಪಟ್ಟ ಮನೆತನದ ಏಕಮಾತ್ರ ಸಂತಾನವು ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯ ದ್ವೀಪದಲ್ಲಿದೆ. ಅಂಬೊರೆಲ್ಲ ಎಂದು ಅದರ ಹೆಸರು. ಪುಟ್ಟ ಹೂಗಳ ಬಡ ಪೊದೆ. ನಮ್ಮ ತೋಟಗಾರನು ಅದನ್ನು ಕಿತ್ತೆಸೆದರೂ ಆಶ್ಚರ್ಯವಿಲ್ಲ.

ಇಂತಹ ಸಾಮಾನ್ಯ ಸಂಸಾರವು ಸುಮಾರು 3 ಲಕ್ಷ ಜಾತಿಗಳಾಗಿ ಹರಡಿದುದು ಹೇಗೆ? ಕೀಟಗಳ ಸಹಾಯವನ್ನು ಎಲ್ಲರೂ ಬಲ್ಲರು. ಸಂಪಿಗೆಯ ಕುಲದ ಹೂಗಳಿಗೆ ಇಂದಿಗೂ ಜೀರುಂಡೆಗಳೇ ಮುಖ್ಯ ದೂತರು. ಆದರೆ ಅಷ್ಟಾಗಿ ಪ್ರಚಾರವಿಲ್ಲದ ಇನ್ನೊಂದು ಉಪಾಯವುಂಟು. ಪೈನ್ ಮರವು ಗರ್ಭಕಟ್ಟುವುದಕ್ಕೆ ಮುಂಚೆಯೇ ಬೀಜಕ್ಕೆ ಬುತ್ತಿ ಕಟ್ಟುತ್ತದೆ. ಗರ್ಭ ನಿಲ್ಲದಿದ್ದರೆ ಆ ವೆಚ್ಚವೆಲ್ಲ ನಷ್ಟ. ಹೂಗಿಡವು ಹೆಚ್ಚು ಲೆಕ್ಕಾಚಾರದ್ದು. ಒಂದು ಪರಾಗಕಣದಿಂದ ಎರಡು ಪುರುಷಕೋಶಗಳು ಬಂದು, ಒಂದು ಭ್ರೂಣವನ್ನೂ ಇನ್ನೊಂದು ಅದರ ಆಹಾರವನ್ನೂ ಹುಟ್ಟಿಸುತ್ತವೆ. ಗರ್ಭ ನಿಂತ ಮೇಲೆಯೇ ಬುತ್ತಿ. 1898ರಲ್ಲಿ ನವಾಶಿನ್ ಎಂಬ ರಷ್ಯದ ವಿದ್ವಾಂಸನು ಇದನ್ನು ಕಂಡುಹಿಡಿದನು. ನಾವು ದಿನವೂ ಉಣ್ಣುವ ಅನ್ನವು ಬಹುಮಟ್ಟಿಗೆ ಭತ್ತದ ಭ್ರೂಣಕ್ಕಾಗಿ ಇಟ್ಟ ಈ ಬುತ್ತಿಯೇ.

ಭತ್ತವೂ ಹುಲ್ಲಿನ ಜಾತಿಯದು. ಹುಲ್ಲು ಡೈನೊಸಾರ್‌ಗಳ ತರುವಾಯ ಹಬ್ಬಿತೆಂದು ನಂಬಿಕೆಯಿತ್ತು. ಮಹಾರಾಷ್ಟ್ರದ ಪಿಸ್ದುರದಲ್ಲಿ ದೊರೆತ ಅವುಗಳ ಕಲ್ಲಾದ ಲದ್ದಿಯಲ್ಲಿ ಹುಲ್ಲಿನ ಸಿಲಿಕ ಕಣಗಳಿವೆಯೆಂದು 2005ರಲ್ಲಿ ಪ್ರಕಟವಾದ ಮೇಲೆ ಆ ನಂಬಿಕೆ ಬಿದ್ದುಹೋಯಿತು.

ಡಾರ್ವಿನ್ನನ ಒಗಟಿನಲ್ಲಿ ಒಂದು ಗಂಟು ಮಾತ್ರ ಉಳಿದಿದೆ. ಆನುವಂಶಿಕ ದ್ರವ್ಯದ ಗಣಿತವು ಹೂಗಿಡಗಳ ಮೂಲವನ್ನು ಅನೇಕ ವೇಳೆ 20 ಕೋಟಿ ವರ್ಷಗಳ ಆಚೆಗೂ ಒಯ್ಯುತ್ತದೆ. ಅಷ್ಟು ಹಳೆಯ ಕಲ್ಲಿನಲ್ಲಿ ಎಲ್ಲರೂ ಒಪ್ಪುವ ಹೂವೊಂದೂ ಇದುವರೆಗೆ ಸಿಕ್ಕಿಲ್ಲ.