ಹೂಡಿಕೆಯ ಉದ್ಯೋಗವೂ ತಂತ್ರಾಂಶ ಶಿಕ್ಷಣವೂ

ಜನರ ಉಳಿತಾಯದ ಹಣವನ್ನು ಷೇರು, ಸಾಲಪತ್ರ ಮೊದಲಾದುವುಗಳಲ್ಲಿ ತೊಡಗಿಸಿ ಕಾಪಾಡುವ ಹೂಡಿಕೆ ನಿರ್ವಹಣೆಯ ಉದ್ಯೋಗವು ಮುಂಬಯಿಯವರಿಗೇ ಮೀಸಲೆಂಬ ಭಾವನೆ ನಮ್ಮ ಗ್ರಾಮಗಳಲ್ಲಿ ಇನ್ನೂ ಅಳಿದಿಲ್ಲ. ಗೋಲ್ಡ್‌ಮನ್ ಸ್ಯಾಕ್ಸ್, ನಾರ್ದರ್ನ್ ಟ್ರಸ್ಟ್ ಮೊದಲಾದ ವಿದೇಶೀ ಸಂಸ್ಥೆಗಳ ದೊಡ್ಡ ಕಚೇರಿಗಳು ಬೆಂಗಳೂರಿನಲ್ಲಿಯೇ ಇವೆ. 2010ರಲ್ಲಿ ಆರಂಭವಾದ ಜೆರೋಧಾ ಆ ನಗರದ್ದೇ. ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನ ತರುಣನಿಗೆ ಈ ಕಚೇರಿಗಳು ದಾರಿಯ ಲೆಕ್ಕದಲ್ಲಿ ದೂರವಲ್ಲ. ವಿದ್ಯೆಯ ಲೆಕ್ಕದಲ್ಲಿ ದೂರ. ಆ ವಿದ್ಯೆ ಯಾವುದೆಂಬುದನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಮೊದಲನೆಯದು ಸ್ಪ್ರೆಡ್‌ಶೀಟ್. 1985ರಲ್ಲಿ ಹೊರಬಂದ ಎಕ್ಸೆಲ್ ಇಂದಿಗೂ ಈ ಉದ್ಯೋಗದ ಅಕ್ಷರಾಭ್ಯಾಸವಾಗಿದೆ. ಅದನ್ನು ಕೊಳ್ಳಲಾರದವನು ಲಿಬ್ರೆಆಫೀಸನ್ನು ಬಿಟ್ಟಿಯಾಗಿ ಪಡೆದು ಅದರಲ್ಲಿಯೇ ಕಲಿಯಬಹುದು. ಎರಡನೆಯದು ಎಸ್‌ಕ್ಯೂಎಲ್, ಲಕ್ಷಾಂತರ ವ್ಯವಹಾರಗಳ ಭಂಡಾರದಿಂದ ಬೇಕಾದುದನ್ನು ಮಾತ್ರ ಕೇಳಿ ಪಡೆಯುವ ಭಾಷೆಯಿದು. ಮೂರನೆಯದು 1991ರಲ್ಲಿ ಪ್ರಕಟವಾದ ಪೈಥಾನ್. ದಿನವೂ ಮಾಡಬೇಕಾದ ಲೆಕ್ಕವನ್ನು ಒಮ್ಮೆ ಬರೆದಿಟ್ಟು ಯಂತ್ರಕ್ಕೆ ಒಪ್ಪಿಸಲು ಇದು ಸಾಧನ. ಇದಕ್ಕೂ ಬೆಲೆಯಿಲ್ಲ. ವರ್ಷಕ್ಕೆ ಇಪ್ಪತ್ತು ಸಾವಿರ ಡಾಲರಿಗೂ ಮಿಕ್ಕಿದ ಬಾಡಿಗೆಯ ಬ್ಲೂಮ್‌ಬರ್ಗ್ ಯಂತ್ರವನ್ನು ಮನೆಯಲ್ಲಿ ಕಲಿಯಲಾಗದೆಂದು ಯಾರೂ ಎದೆಗುಂದಬೇಕಾಗಿಲ್ಲ. ಅದನ್ನು ಕೆಲಸಕ್ಕೆ ಸೇರಿದ ಮೇಲೆ ಕಲಿಯಬಹುದು.

ಆದರೆ ಸಾಧನವನ್ನು ಬಲ್ಲವನೆಲ್ಲ ಕುಶಲನಲ್ಲ. ಹಾಲೆಮರವನ್ನು ಕಡೆದು ಅರಗಿನ ಬಣ್ಣವೇರಿಸುವ ಚನ್ನಪಟ್ಟಣದ ಕೆಲಸಗಾರನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಂದು ದೃಷ್ಟಾಂತವನ್ನು ನೋಡೋಣ. ನೂರು ರೂಪಾಯಿಯ ಹೂಡಿಕೆಯು ಮೊದಲ ವರ್ಷ ಶೇಕಡ 50 ಇಳಿದು ಮರುವರ್ಷ ಶೇಕಡ 50 ಏರಿತೆನ್ನೋಣ. ಸರಾಸರಿ ಕೇಳಿದರೆ ಯಂತ್ರವು ಸೊನ್ನೆಯೆನ್ನುತ್ತದೆ. ಹಣದ ಚೀಲದಲ್ಲಿ ಉಳಿದಿರುವುದು 75 ರೂಪಾಯಿ! ಯಂತ್ರದ ಉತ್ತರ ಸುಳ್ಳಲ್ಲ. ಕೇಳಿದವನ ಪ್ರಶ್ನೆ ತಪ್ಪು. ಒಂದು ಲಕ್ಷ ರೂಪಾಯಿಯು ಶೇಕಡ 12ರ ಚಕ್ರಬಡ್ಡಿಯಲ್ಲಿ ಇಪ್ಪತ್ತು ವರ್ಷಕ್ಕೆ ಸುಮಾರು 9.65 ಲಕ್ಷವಾಗುತ್ತದೆ, ಶೇಕಡ 11ರಲ್ಲಿ 8.06 ಲಕ್ಷ. ಒಂದೇ ಮನೆಯಲ್ಲಿ ಒಂದೇ ಅಂಕಿ ತಪ್ಪಿದರೆ ಒಬ್ಬ ನಿವೃತ್ತ ಉಪಾಧ್ಯಾಯನ ಮುಪ್ಪಿನ ಆಸರೆಯ ಲೆಕ್ಕವೇ ತಲೆಕೆಳಗಾದೀತು.

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. 2012ರಲ್ಲಿ ಜೆಪಿ ಮಾರ್ಗನ್ ಬ್ಯಾಂಕು ತನ್ನ ಲಂಡನ್ ಶಾಖೆಯ ವ್ಯವಹಾರದಲ್ಲಿ ಆರುನೂರು ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಿತು. ನಷ್ಟಕ್ಕೆ ಕಾರಣಗಳು ಹಲವು. ಆದರೆ ಅಪಾಯವನ್ನು ಅಳೆಯುವ ಲೆಕ್ಕವನ್ನು ಎಕ್ಸೆಲ್ ಹಾಳೆಯಿಂದ ಹಾಳೆಗೆ ಕೈಯಿಂದ ನಕಲು ಮಾಡುತ್ತಿದ್ದರೆಂದೂ, ಒಂದು ಸೂತ್ರದಲ್ಲಿ ಸರಾಸರಿಯಿಂದ ಭಾಗಿಸುವ ಬದಲು ಮೊತ್ತದಿಂದ ಭಾಗಿಸಿದ್ದರೆಂದೂ, ಅದರಿಂದ ಅಪಾಯವು ಇದ್ದುದಕ್ಕಿಂತ ಕಡಿಮೆಯಾಗಿ ತೋರಿತೆಂದೂ ಬ್ಯಾಂಕಿನ ವರದಿಯೇ ತಿಳಿಸಿತು. ಇದಕ್ಕಿಂತ ಬೇರೆ ಪಾಠ ಬೇಕೆ?

ಆದುದರಿಂದ ಪ್ರಮಾಣಪತ್ರಕ್ಕಾಗಿ ಸಾವಿರಾರು ರೂಪಾಯಿ ತೆರುವ ಮೊದಲು ನಮ್ಮ ತರುಣರು ಮನೆಯಲ್ಲಿಯೇ ಅಭ್ಯಾಸವನ್ನು ಆರಂಭಿಸಲಿ. ರೇಷ್ಮೆಯ ಸೀಮೆಯವರಿಗೆ ಸಾಮಗ್ರಿಯು ಕೈಗೆಟುಕುವಂತಿದೆ. ರಾಮನಗರದ ಗೂಡಿನ ಮಾರುಕಟ್ಟೆಯ ಧಾರಣೆಯನ್ನು ದಿನವೂ ಬರೆದುಕೊಂಡು, ತಿಂಗಳ ಸರಾಸರಿ ಎಷ್ಟು, ಏರಿಳಿತವೆಷ್ಟು, ತಂದೆಯು ಗೂಡು ಮಾರಿದ ದಿನ ಲಾಭದ್ದೋ ಅಲ್ಲವೋ ಎಂದು ಸ್ಪ್ರೆಡ್‌ಶೀಟಿನಲ್ಲಿ ಲೆಕ್ಕ ಹಾಕಲಿ. ಅದನ್ನೇ ಪೈಥಾನಿನಲ್ಲಿ ಮತ್ತೊಮ್ಮೆ ಮಾಡಿ, ಎರಡೂ ಉತ್ತರಗಳು ಹೊಂದುವವೋ ಎಂದು ತಾಳೆನೋಡಲಿ. ಹೊಂದದಿದ್ದರೆ ಹೊಂದುವವರೆಗೆ ಬಿಡದಿರಲಿ. ಅನಂತರ ಸೆಬಿಯು ಸ್ಥಾಪಿಸಿದ ಎನ್‌ಐಎಸ್‌ಎಂ ಸಂಸ್ಥೆಯ ಪರೀಕ್ಷೆಗಳಿಗೆ ಕುಳಿತುಕೊಳ್ಳಲಿ.

ಶಾಲೆ ಕಾಲೇಜುಗಳಲ್ಲಿರುವ ಗಣಕಯಂತ್ರಗಳ ಕೋಣೆಯನ್ನು ಸಂಜೆಯ ಎರಡು ಗಂಟೆಗಳ ಕಾಲ ಇಂಥ ಅಭ್ಯಾಸಿಗಳಿಗೆ ತೆರೆದಿಡುವುದು ಅಧಿಕಾರಿಗಳಿಗೆ ಭಾರವಾಗಲಾರದು. ಪರರ ಹಣವನ್ನು ಮುಟ್ಟುವ ಕೈಗೆ ವೇಗಕ್ಕಿಂತ ತಾಳೆನೋಡುವ ಅಭ್ಯಾಸವೇ ಮೊದಲು ಬರಬೇಕು. ಅದನ್ನು ಯಾವ ತಂತ್ರಾಂಶವೂ ಮಾರುವುದಿಲ್ಲ.